ಅವಳ ಪಾಳಿಯ ಪ್ರಶ್ನೆ

ಆಟದಲ್ಲಿ ಮುಂದಿನ ಪಾಳಿ ನನ್ನ ಹೆಂಡತಿಯದಿತ್ತು. ಪ್ರಶ್ನೆ ಕೇಳುವ ಮೊದಲೇ ಅವಳು ತೀರಿಕೊಂಡಳು.

ಆಟ ಅಂದರೆ ರೈಲಿನ ಮೇಲಿನ ಪ್ರಶ್ನೆ, ಉತ್ತರ. ಭಾನುವಾರ ತಿಂಡಿ ಮುಗಿದ ಮೇಲೆ ವಡೋದರಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಸೂರತ್ ಕಡೆಯ ತುದಿಗೆ ಛಾವಣಿ ಮುಗಿಯುವಲ್ಲಿ ಇದ್ದ ಸಿಮೆಂಟ್ ಬೆಂಚಿನ ಮೇಲೆ ನಡೆಯುತ್ತಿತ್ತು. ಅಹಮದಾಬಾದಿನಿಂದ ಒಬ್ಬರು ಶಾಲೆಯ ಮೇಷ್ಟ್ರು ಬರುತ್ತಿದ್ದರು. ಸೂರತ್‌ನಿಂದ ಉಡುಪಿ ಕಡೆಯ ಒಬ್ಬರು ಹಿರಿಯರು. ಅವರದು ಅಲ್ಲಿನ ಕತಾರ್‌ಗಾಮ್‌ನಲ್ಲಿ ಹೋಟೆಲು. ವಡೋದರಾದವನೇ ಆದ, ವಿಮೆ ಆಫೀಸಿನ ಒಬ್ಬ ತರುಣ. ಇವರ ನಡುವೆ ನನ್ನ ಹೆಂಡತಿ. ಅವಳ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಮಾತು ಕಲಿಯುವಾಗಲೇ ಇಂಜಿನ್ನುಗಳ ಹೆಸರು ಕಲಿತವಳು. ನನ್ನದು ಗದಗ ಕಡೆಯ ಹಳ್ಳಿ, ಐಟಿಐ ಓದು, ವಡೋದರಾದ ಮಕರ್‌ಪುರದ ಕಾರ್ಖಾನೆಯಲ್ಲಿ ಲೇತ್ ಕೆಲಸ. ರೈಲು ಅಂದರೆ ಊರಿಗೆ ಹೋಗುವ ವಾಹನ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅವಳ ಜೊತೆ ಚೀಲ ಹಿಡಿದು ಹೋಗಿ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದೆ.

ಆಟಕ್ಕೆ ಅವರದೇ ಕಟ್ಟುಪಾಡು. ಸರಿ, ತಪ್ಪು ಎನ್ನುವ ಹಾಗಿಲ್ಲ. ಉತ್ತರ ತಪ್ಪಾದರೆ ‘ಲಾಲ್’, ಹತ್ತಿರ ಬಂದರೆ ‘ಪೀಳಿ’, ಸರಿಯಾದರೆ ‘ಲೀಲಿ’. ಗುಜರಾತಿಯಲ್ಲಿ ಕೆಂಪು, ಹಳದಿ, ಹಸಿರು. ಲೀಲಿ ಪಡೆದವರಿಗೆ ಮುಂದಿನ ಪ್ರಶ್ನೆಯ ಪಾಳಿ. ಅವರು ಕೇಳುವತನಕ ಬೇರೆ ಯಾರೂ ಬಾಯಿ ಬಿಡುವಂತಿಲ್ಲ.

ಅವಳು ಕೊನೆಗೆ ಗೆದ್ದ ಪ್ರಶ್ನೆ ಮೇಷ್ಟ್ರದು. ಅಹಮದಾಬಾದಿಗೆ ಹೋಗುವ ಲೋಕಲ್ ಗಾಡಿಯಲ್ಲಿ ದಾರಿ ನಡುವೆ ಫ್ಯಾನುಗಳೆಲ್ಲ ಒಮ್ಮೆ ನಿಂತು ಮತ್ತೆ ತಿರುಗುತ್ತವಲ್ಲ, ಯಾಕೆ ಎಂದು ಕೇಳಿದ್ದರು. ಎಲ್ಲರಿಗಿಂತ ಮೊದಲು ಇವಳು, ಮೇಲಿನ ತಂತಿಯಲ್ಲಿ ಕರೆಂಟೇ ಇರದ ಒಂದು ತುಂಡು ಇರುತ್ತದೆ, ಓಡುವ ರಭಸದಲ್ಲೇ ಗಾಡಿ ಅದನ್ನು ದಾಟಿಕೊಳ್ಳುತ್ತದೆ ಎಂದಳು. ಮೇಷ್ಟ್ರು ‘ಲೀಲಿ, ಭಾಭಿ, ಲೀಲಿ’ ಎಂದರು. ಹೊತ್ತಾಗಿದ್ದರಿಂದ ಅವಳ ಪ್ರಶ್ನೆ ಮುಂದಿನ ಭಾನುವಾರಕ್ಕೆ ಉಳಿಯಿತು. ಆ ಭಾನುವಾರ ಅವಳು ಆಸ್ಪತ್ರೆಯಲ್ಲಿದ್ದಳು.

ಕರ್ಮಗಳನ್ನು ಮುಗಿಸಿ ಹುಬ್ಬಳ್ಳಿಯಿಂದ ಬಂದ ಮೇಲೆ ಮಂಜಲ್‌ಪುರದ ಮನೆಯಲ್ಲಿ ಭಾನುವಾರ ಕಳೆಯುವುದು ಕಷ್ಟವಾಯಿತು. ಉಳಿದ ದಿನ ಕಾರ್ಖಾನೆಯ ಸದ್ದು ಇರುತ್ತಿತ್ತು. ಒಂದು ಭಾನುವಾರ ಕಾಲು ತಾನಾಗಿ ಸ್ಟೇಷನ್ನಿಗೆ ಹೋಯಿತು. ಮೂವರೂ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಅವಳು ಕೂರುವ ಜಾಗ ಬಿಟ್ಟು ಕೂತಿದ್ದರು.

ಹೋಟೆಲಿನವರು ನನ್ನ ಕೈ ಹಿಡಿದು ಕೂರಿಸಿಕೊಂಡರು. ‘ಆಟ ನಿಂತಿದೆ ಮಾರಾಯ್ರೆ. ಪಾಳಿ ನಿಮ್ಮ ಮನೆಯದ್ದು. ನೀವು ಕೇಳ್ಬೇಕು.’

‘ನನಗೇನು ಗೊತ್ತದರಿ ಇದರಾಗ? ನೀವೇ ಶುರು ಮಾಡ್ರಿ.’

‘ಅದು ಹೇಗಾಗ್ತದೆ? ಮುಂದಿನ ಗಾಡಿ ಹೋಗದೆ ಹಿಂದಿನದಕ್ಕೆ ಸಿಗ್ನಲ್ ಕೊಡ್ಲಿಕ್ಕುಂಟಾ?’

ಮುಂದಿನ ವಾರ ಕೇಳುತ್ತೇನೆ ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಪ್ರಶ್ನೆ ಹೊಳೆಯದಿದ್ದದ್ದು ನಿಜ. ಆದರೆ ಇನ್ನೊಂದೂ ಇತ್ತು. ಕೇಳಿಬಿಟ್ಟರೆ ಯಾರಾದರೂ ಉತ್ತರ ಹೇಳುತ್ತಾರೆ, ಪಾಳಿ ಅವರದಾಗುತ್ತದೆ. ಆಮೇಲೆ ಆ ಬೆಂಚಿನಲ್ಲಿ ಅವಳದು ಎನ್ನುವಂಥದ್ದು ಏನೂ ಉಳಿಯುವುದಿಲ್ಲ. ಅವಳದು ಉಳಿಯದಿದ್ದರೆ ನಾನು ಯಾವ ಲೆಕ್ಕದಲ್ಲಿ ಅಲ್ಲಿ ಹೋಗಿ ಕೂರುವುದು?

ಹೀಗೇ ಮಳೆಗಾಲ ಕಳೆಯಿತು. ಅವರು ಹವೆಯ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ ಮಾತಾಡುತ್ತಿದ್ದರು. ಎದುರಿಗೆ ಗಾಡಿ ಬಂದು ನಿಂತಾಗ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾಗುತ್ತಿದ್ದರು. ಮೇಷ್ಟ್ರು ಎರಡು ವಾರ ಬರಲಿಲ್ಲ. ವಿಮೆ ಆಫೀಸಿನ ಹುಡುಗ ಬಂದರೂ ಬೇಗ ಎದ್ದು ಹೋಗುತ್ತಿದ್ದ. ನನ್ನಿಂದಾಗಿ ಬೆಂಚು ಖಾಲಿಯಾಗುತ್ತಿದೆ ಎಂದು ತಿಳಿಯಿತು.

ಒಂದು ರಜೆಯ ದಿನ ಪ್ರಶ್ನೆ ಹುಡುಕಲೆಂದೇ ಅಹಮದಾಬಾದಿಗೆ ಹೋದೆ. ಫ್ಯಾನು ನಿಲ್ಲುವ ಜಾಗ ಬಂತು, ಹೋಯಿತು. ಅಹಮದಾಬಾದಿನಲ್ಲಿಳಿದು ಮೀಟರ್ ಗೇಜ್ ಗಾಡಿಗಳು ನಿಲ್ಲುವ ಕಡೆ ಸುಮಾರು ಹೊತ್ತು ನಿಂತೆ. ಕಂಡದ್ದೆಲ್ಲ ಅವರಿಗೆ ಗೊತ್ತಿರುವಂಥದ್ದೇ. ಇನ್ನೊಂದು ದಿನ ಸೂರತ್‌ಗೆ ಹೋದೆ. ಹೋಟೆಲಿನವರು ಗಲ್ಲಾ ಬಿಟ್ಟು ಎದ್ದು ಬಂದು ಎದುರಿಗೆ ಕೂತರು. ಬನ್ಸ್ ತರಿಸಿದರು.

‘ಪ್ರಶ್ನೆ ಹುಡುಕ್ಲಿಕ್ಕೆ ಇಲ್ಲಿವರೆಗೆ ಬಂದದ್ದಾ? ಒಳ್ಳೆ ಕಥೆ. ತಿನ್ನಿ ಮೊದ್ಲು. ನಿಮಗೆ ಗೊತ್ತಿರುವ ರೈಲು ನಮಗೆ ಗೊತ್ತಿಲ್ಲ. ಅದನ್ನೇ ಕೇಳಿ.’

ವಾಪಸ್ ಬರುವಾಗ ಕಿಟಕಿ ಪಕ್ಕ ಎದುರುಬದುರು ಎರಡು ಸೀಟು ಖಾಲಿಯಿದ್ದವು. ನಾನು ಇಂಜಿನ್ ಕಡೆ ಮುಖ ಮಾಡಿ ಕೂತೆ. ಎದುರಿನ ಸೀಟು ಖಾಲಿಯೇ ಉಳಿಯಿತು. ಆಗ ಪ್ರಶ್ನೆ ಸಿಕ್ಕಿತು.

ಆ ಭಾನುವಾರ ಮೂವರೂ ಬಂದಿದ್ದರು. ನಾನು ಎದ್ದು ನಿಂತು ಕೇಳಿದೆ. ಎದ್ದು ನಿಲ್ಲುವ ಪದ್ಧತಿಯೇನೂ ಇರಲಿಲ್ಲ.

‘ನಿಮ್ಮ ಭಾಭಿ ಯಾವ ಗಾಡಿ ಹತ್ತಿದರೂ ಇಂಜಿನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಯಾಕೆ?’

ಮೂವರ ಮುಖದಲ್ಲೂ ಕಳೆ ಬಂತು. ಸೊಂಟ ನೆಟ್ಟಗೆ ಮಾಡಿ ಕೂತರು.

ಹುಡುಗ ಮೊದಲು ಹೇಳಿದ. ‘ಸುಲಭ ಭಾಯ್. ಎದುರುಗಾಳಿಗೆ ಧೂಳು ಕಣ್ಣಿಗೆ ಬೀಳುತ್ತೆ. ಬೆನ್ನು ಮಾಡಿದರೆ ಬೀಳಲ್ಲ.’

‘ಲಾಲ್’ ಎಂದೆ. ಧೂಳಿಗೆ ಅವಳು ಹೆದರಿದವಳಲ್ಲ. ಕಿಟಕಿಯಿಂದ ಇಣುಕಿ ಇಣುಕಿ ಇಳಿಯುವಾಗ ಅವಳ ಹುಬ್ಬೆಲ್ಲ ಮಣ್ಣಿನ ಬಣ್ಣವಾಗಿರುತ್ತಿತ್ತು.

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. ‘ನಮ್ಮ ಗಾಡಿ ದಾಟಿದ ಮೇಲೆ ಹಿಂದಿನ ಸಿಗ್ನಲ್ ಹಸಿರು ಹೋಗಿ ಕೆಂಪಾಗುತ್ತದಲ್ಲ, ಅದನ್ನು ನೋಡಲಿಕ್ಕೆ. ನಾನಾದರೆ ಅದಕ್ಕೇ ಕೂರುತ್ತಿದ್ದೆ.’

‘ಪೀಳಿ.’ ಆ ಮಾತು ಅವಳೂ ಒಮ್ಮೆ ಆಡಿದ್ದಳು. ಆದರೆ ಸಿಗ್ನಲ್ ಕಂಬಗಳು ಕಾಣದ ಬಲಗಡೆಯ ಕಿಟಕಿ ಸಿಕ್ಕರೂ ಹಾಗೇ ಕೂರುತ್ತಿದ್ದಳು.

ಹೋಟೆಲಿನವರು ನಕ್ಕರು. ‘ನಿಮಗೆಲ್ಲ ಸಂಸಾರವೇ ಗೊತ್ತಿಲ್ಲ. ಇವರಿಗೆ ಹಿಮ್ಮುಖ ಕೂತರೆ ತಲೆ ಸುತ್ತುವುದು. ಒಳ್ಳೆ ಸೀಟು ಗಂಡನಿಗೆ ಬಿಟ್ಟದ್ದು. ಹೌದಾ ಅಲ್ವಾ ಮಾರಾಯ್ರೆ?’

ಹೌದು ಎನ್ನಬಹುದಿತ್ತು. ಮೂವರಿಗೂ ಸಮಾಧಾನವಾಗುತ್ತಿತ್ತು, ನನಗೂ ಆಗುತ್ತಿತ್ತೇನೋ. ಆದರೆ ಅವಳೊಬ್ಬಳೇ ತವರಿಗೆ ಹೊರಟಾಗ ನಾನು ಇದೇ ಪ್ಲಾಟ್‌ಫಾರ್ಮಿಗೆ ಬಂದು ಹತ್ತಿಸಿದ್ದೆ. ಆಗಲೂ ಹಾಗೇ ಕೂತಿದ್ದಳು. ಗಾಡಿ ಹೊರಟ ಮೇಲೂ ಬಹಳ ದೂರದವರೆಗೆ ಅವಳ ಮುಖ ಕಾಣುತ್ತಿತ್ತು. ಇದನ್ನು ಅವರಿಗೆ ಹೇಳಿದೆ.

ಆಮೇಲೆ ಹುಡುಗ ಮೆಲ್ಲಗೆ ಕೇಳಿದ. ‘ಹಾಗಾದರೆ ಉತ್ತರ ಏನು ಭಾಯ್?’

‘ಗೊತ್ತಿಲ್ಲ.’

‘ಗೊತ್ತಿಲ್ಲ ಅಂದರೆ?’

‘ಅವಳನ್ನು ಕೇಳಿರಲೇ ಇಲ್ಲ. ಕೇಳುವಂಥ ಸಂಗತಿ ಅನ್ನಿಸಿರಲಿಲ್ಲ.’

ಮೇಷ್ಟ್ರು ತಲೆ ತಗ್ಗಿಸಿದರು. ಕೇಳುವವನಿಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಆ ಬೆಂಚಿನ ಮೇಲೆ ಯಾವತ್ತೂ ಬಂದಿರಲಿಲ್ಲ. ಅದಕ್ಕೆ ಏನು ಮಾಡಬೇಕೆಂಬ ನಿಯಮವೂ ಇರಲಿಲ್ಲ. ಆಟದ ವಿಷಯದಲ್ಲಿ ಎಲ್ಲರೂ ನೋಡುವುದು ಹೋಟೆಲಿನವರ ಮುಖವನ್ನೇ. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು.

‘ಪ್ರಶ್ನೆ ರದ್ದು’ ಎಂದರು ಗಟ್ಟಿಯಾಗಿ. ‘ಉತ್ತರ ಇಲ್ಲದೆ ಪ್ರಶ್ನೆ ತಂದವರು ಎಲ್ಲರಿಗೂ ಚಾ ತರುವುದು. ಪಾಳಿ ಪಕ್ಕದವರಿಗೆ. ಮೇಷ್ಟ್ರೇ, ನೀವು ಕೇಳಿ. ಹೋಗಿ ಮಾರಾಯ್ರೆ, ಚಾ.’

ನಾನು ಅಂಗಡಿಗೆ ಹೋದೆ. ಅವಳ ಪಾಳಿ ಮುಗಿಯಿತು ಎಂದುಕೊಂಡೆ. ಅಳು ಬರುತ್ತದೆಂದು ಕಾದೆ; ಬರಲಿಲ್ಲ. ಚಹಾದವನು ಸಕ್ಕರೆ ಎಷ್ಟು ಎಂದು ಎರಡು ಸಲ ಕೇಳಬೇಕಾಯಿತು.

ಚಹಾ ತುಂಬಿದ ಮಣ್ಣಿನ ಕುಲ್ಹಡ್‌ಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬರುವಷ್ಟರಲ್ಲಿ ಬೆಂಚಿನ ಕಡೆಯಿಂದ ಕೂಗಾಟ ಕೇಳಿಸುತ್ತಿತ್ತು. ಎಷ್ಟೋ ತಿಂಗಳ ಮೇಲೆ ಕೇಳಿದ ಕೂಗಾಟ. ವಡೋದರಾ ಮತ್ತು ಸೂರತ್ ನಡುವೆ ದೊಡ್ಡ ಲೈನಿಗೆ ಸಣ್ಣ ಗೇಜಿನ ಗಾಡಿಗಳು ಬಂದು ಕೂಡುವ ಊರುಗಳು ಯಾವುವು ಎಂದು ಮೇಷ್ಟ್ರು ಕೇಳಿದ್ದರು. ಮಿಯಾಗಾಮ್, ಭರೂಚ್, ಅಂಕಲೇಶ್ವರ ಎನ್ನುವವರೆಗೆ ಬಂದು ಇಬ್ಬರೂ ಸಿಕ್ಕಿಕೊಂಡಿದ್ದರು. ಇನ್ನೂ ಒಂದು ಉಳಿದಿತ್ತು.

ತಟ್ಟೆ ಕೈಯಲ್ಲಿರುವಾಗಲೇ ನಾನು ‘ಬಿಲಿಮೋರಾ’ ಎಂದೆ. ಆ ಬೆಂಚಿನಲ್ಲಿ ನಾನು ಹೇಳಿದ ಮೊದಲ ಉತ್ತರ.

‘ಲಾಲ್!’ ಎಂದು ಮೂವರೂ ಒಟ್ಟಿಗೆ ಕೂಗಿದರು. ಹೋಟೆಲಿನವರು ತೊಡೆ ತಟ್ಟಿಕೊಂಡು ನಕ್ಕರು. ‘ಬಿಲಿಮೋರಾ ಸೂರತ್ ದಾಟಿ ಆಚೆ ಬರುವುದು! ಅಂಥವಳ ಜೊತೆ ಇಷ್ಟು ವರ್ಷ ಇದ್ದು ಇದೂ ಗೊತ್ತಾಗ್ಲಿಲ್ವಾ ನಿಮಗೆ?’

ನಾನೂ ನಕ್ಕೆ. ಚಹಾ ಹಂಚಿ ಬೆಂಚಿನ ಕೊನೆಗೆ ಹೋದೆ. ಹುಡುಗ ಈಚೆ ಸರಿದಿದ್ದ. ನಡುವೆ ಬಿಟ್ಟಿದ್ದ ಜಾಗ ಈಗ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ವಾದ ಮಾಡುವವರು ಹತ್ತಿರ ಹತ್ತಿರ ಕೂರುತ್ತಾರೆ.

ಬಿಲಿಮೋರಾದಿಂದ ವಘಾಯಿಗೆ ಹೋಗುವ ಸಣ್ಣ ಗಾಡಿಗೆಂದು ಅವಳು ನನ್ನನ್ನು ಒಮ್ಮೆ ಕರೆದೊಯ್ದಿದ್ದಳು. ತೇಗದ ಕಾಡು, ಕಿಟಕಿಗೆ ತಾಗುವ ಎಲೆ ಎಲ್ಲ ನೆನಪಿದೆ. ಸೂರತ್ ದಾಟಿದ್ದು ಮಾತ್ರ ನೆನಪಿಲ್ಲ. ರಾತ್ರಿ ಪಾಳಿ ಮುಗಿಸಿ ಹೊರಟವನು ಬಿಲಿಮೋರಾ ಬರುವತನಕ ಮಲಗಿಬಿಟ್ಟಿದ್ದೆ. ಆ ದಾರಿಯನ್ನು ಅವಳೊಬ್ಬಳೇ ನೋಡಿದ್ದಳು.