ಚಿಕ್ಕಸಂಗಮ ಎಂದೇ ಓದಿದ್ದರು

ಕಳೆದ ತಿಂಗಳು ಕೊಣ್ಣೂರಿನ ನಾನು ಕಲಿಸುವ ಶಾಲೆಯಲ್ಲಿ ಜವಾನ ಹರಿದ ನಕಾಶೆಯೊಂದಕ್ಕೆ ಬಟ್ಟೆ ಅಂಟಿಸುತ್ತಿದ್ದ. ಮೈದಾ ಹಿಟ್ಟಿನ ಅಂಟು. ಹುಳ ಹತ್ತಬಾರದೆಂದು ಅದಕ್ಕೆ ಚೂರು ಮೈಲುತುತ್ತ ಹಾಕಿ ಕುದಿಸಿದ್ದ. ಆ ವಾಸನೆ ಸ್ಟಾಫ್ ರೂಮಿನವರೆಗೂ ಬಂತು. ಕೈಯಲ್ಲಿದ್ದ ಉತ್ತರಪತ್ರಿಕೆ ಕೆಳಗಿಟ್ಟೆ. ಎಷ್ಟೋ ವರ್ಷಗಳಿಂದ ನೆನೆಯದೆ ತಪ್ಪಿಸಿಕೊಂಡಿದ್ದ ಒಬ್ಬರು ನೆನಪಾದರು...

ಅವರು ನಮ್ಮೂರಿನ ಲೈಬ್ರರಿ ಕಾಕಾ. ತುಕ್ಕಾನಟ್ಟಿಯ ಹತ್ತಿರದ ಸಣ್ಣ ಊರು ನಮ್ಮದು. ಪಂಚಾಯ್ತಿ ಕಟ್ಟಡದ ಕೊನೆಯ ಕೋಣೆಯೇ ಲೈಬ್ರರಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದ ಕಾಕಾ ಓದುವುದನ್ನು ಹಟದಿಂದ ಕಲಿತವರು. ಬೆನ್ನು ಕಿತ್ತ ಪುಸ್ತಕಗಳನ್ನು ತಾವೇ ಹೊಲಿದು, ಅದೇ ಅಂಟು ಬಳಿದು ಒಣಗಲು ಇಡುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರು ತಮ್ಮ ಹಳೆಯ ಕಂಪ್ಯೂಟರನ್ನು ಲೈಬ್ರರಿಗೆ ಕೊಟ್ಟಾಗ ಕಾಕಾ ಐವತ್ತು ದಾಟಿದ್ದರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಅದನ್ನೂ ಕಲಿತರು, ನಮಗೂ ಕಲಿಸಿದರು.

ಶಾಲೆಯಲ್ಲಿ ಏನೇ ಪ್ರಾಜೆಕ್ಟ್ ಕೊಡಲಿ, ನಾವು ಓಡುತ್ತಿದ್ದುದು ಅವರ ಹತ್ತಿರಕ್ಕೆ. ಅವರದು ಒಂದೇ ಕರಾರು. "ಕಂಪ್ಯೂಟರದಾಗೂ ನೋಡು, ಪುಸ್ತಕದಾಗೂ ನೋಡು. ಎರಡೂ ಕೂಡಲಿಲ್ಲಂದ್ರ ಬರೀಬ್ಯಾಡ, ನನ್ನ ಕರಿ."

ನಾನು ಎಂಟನೆಯ ತರಗತಿಯಲ್ಲಿದ್ದಾಗ ಗೋಕಾಕದಲ್ಲಿ ತಾಲೂಕು ಮಟ್ಟದ ಪ್ರಾಜೆಕ್ಟ್ ಸ್ಪರ್ಧೆ ನಡೆಯಿತು. ನಮ್ಮ ಶಾಲೆಯಿಂದ ನಾನೊಬ್ಬಳೇ ಆಯ್ಕೆಯಾಗಿದ್ದೆ. ವಿಷಯ, ನಮ್ಮ ಘಟಪ್ರಭಾ ಹೊಳೆ. ಹದಿನೈದು ದಿನ ಕಾಕಾ ನನ್ನ ಜೊತೆ ಕುಳಿತರು. ಆಗಷ್ಟೇ ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಆದರೂ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಹೊಳೆ ಎಲ್ಲಿ ಹೋಗಿ ಕೃಷ್ಣೆಯನ್ನು ಕೂಡುತ್ತದೆ ಎಂಬುದೊಂದು ಉಳಿದಿತ್ತು. ಕಾಕಾ ಪುಸ್ತಕ ನೋಡಿ, ನಿಧಾನವಾಗಿ, "ಚಿಕ್ಕಸಂಗಮ" ಎಂದು ಓದಿದರು. ಅಷ್ಟರಲ್ಲಿ ಯಾರೋ ಪೇಪರ್ ಕೇಳಿಕೊಂಡು ಬಂದರೆಂದು ಎದ್ದು ಹೋದರು. ನಾನು ಕಂಪ್ಯೂಟರಿನಲ್ಲಿ ಇಂಟರ್ನೆಟ್ ತೆರೆದು ಹುಡುಕಿದೆ. ಒಂದು ಪುಟದಲ್ಲಿ ಘಟಪ್ರಭಾ ಕೂಡಲಸಂಗಮದಲ್ಲಿ ಕೂಡುತ್ತದೆ ಎಂದಿತ್ತು.

ಎರಡೂ ಕೂಡಿರಲಿಲ್ಲ. ನಾನು ಕಾಕಾನನ್ನು ಕರೆಯಬೇಕಿತ್ತು. ಆದರೆ ನಮ್ಮದು ಬಸವಣ್ಣನನ್ನು ನಂಬಿದ ಮನೆ. ನಾವು ದಿನಾ ಕುಡಿಯುವ ನೀರು ಕೂಡಲಸಂಗಮಕ್ಕೆ ಹೋಗಿ ಸೇರುತ್ತದೆ ಎಂದು ಮನೆಯಲ್ಲಿ ಓದಿದರೆ ಅಜ್ಜಿಗೆ ಎಷ್ಟು ಖುಷಿಯಾಗಬಹುದು... ಹಾಗೆಯೇ ಬರೆದೆ. ಆ ರಾತ್ರಿ ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದಳು.

ಗೋಕಾಕದಲ್ಲಿ ಮೂವರು ತೀರ್ಪುಗಾರರಿದ್ದರು. ಒಬ್ಬರು ಬಾಗಲಕೋಟೆ ಕಡೆಯವರು. ನನ್ನ ಫೈಲನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದರು. "ಕೂಡಲಸಂಗಮದಾಗ ಕೃಷ್ಣೆಗೆ ಕೂಡೂದು ಮಲಪ್ರಭಾ, ತಂಗಿ. ನಿಮ್ಮ ಹೊಳಿ ಅದಕ್ಕಿಂತ ಮ್ಯಾಲೆ, ಚಿಕ್ಕಸಂಗಮದಾಗ ಕೂಡತೈತಿ. ನಮ್ಮೂರ ಅಲ್ಲೇ ಐತಿ." ಹಿಂದೆ ಕುಳಿತ ಮಕ್ಕಳು ನಕ್ಕರು. ನನಗೆ ಬಹುಮಾನ ಬರಲಿಲ್ಲ.

ಮರುದಿನ ಹೆಡ್ ಮಾಸ್ತರರು ಕರೆದು, ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದರು. ನನ್ನ ಬಾಯಿಂದ ಬಂತು, "ಪುಸ್ತಕ ನೋಡಿ ಕಾಕಾನ ಹಂಗ ಓದಿದ್ರು, ಸರ್." ಹೇಳುವಾಗ ಇಷ್ಟೇ ತಾನೆ ಎನಿಸಿತ್ತು. ಅವರು ಕಾಕಾನನ್ನು ಕರೆಸುತ್ತಾರೆಂದು ಗೊತ್ತಿರಲಿಲ್ಲ.

ಕಾಕಾ ಆ ಪುಸ್ತಕವನ್ನು ಹಿಡಿದುಕೊಂಡೇ ಬಂದರು. ಹೆಡ್ ಮಾಸ್ತರರ ಎದುರು ಪುಟ ತೆರೆದು, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅದರಲ್ಲಿ ಸರಿಯಾಗಿಯೇ ಇತ್ತು. ಆಮೇಲೆ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಅವರಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ.

"ಇಲ್ಲಿ ಖರೇನ ಐತ್ರಿ ಸರ. ನಾನ ತಪ್ಪ ಓದಿರಬೇಕು. ನನ್ನ ಕಣ್ಣ ಮೋಸ ಮಾಡ್ಯಾವು," ಎಂದರು.

"ಕಣ್ಣ ಕಾಣದವರು ಹುಡುಗೂರಿಗೆ ಯಾಕ ಹೇಳಿಕೊಡಾಕ ಹೋಗ್ತೀರಿ?" ಎಂದರು ಹೆಡ್ ಮಾಸ್ತರರು. ನಾನು ಅಲ್ಲಿಯೇ, ಅವರಿಬ್ಬರ ನಡುವೆ ನಿಂತಿದ್ದೆ.

ಆಮೇಲೆ ಕಾಕಾ ಕಂಪ್ಯೂಟರಿನ ಮೇಲೆ ಒಂದು ಹಳೆಯ ಧೋತರ ಹೊದಿಸಿದರು. ಪ್ರಾಜೆಕ್ಟ್ ಹಿಡಿದು ಬಂದ ಮಕ್ಕಳಿಗೆ, "ನಾ ಓದಿ ಹೇಳೂದು ಬ್ಯಾಡ, ಸರ್ ಕಡೆ ಕೇಳ್ರಿ," ಎನ್ನತೊಡಗಿದರು. ಮಕ್ಕಳು ಮೂಡಲಗಿಯ ಇಂಟರ್ನೆಟ್ ಅಂಗಡಿಗೆ ಹೋಗಿ ತಯಾರಿದ್ದ ಹಾಳೆಗಳನ್ನೇ ತಂದು ಅಂಟಿಸಿದರು. ನಾನು ಪಂಚಾಯ್ತಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಶಾಲೆಗೆ ಹೋಗುವುದನ್ನು ರೂಢಿಸಿಕೊಂಡೆ. ನಾನು ಕಾಲೇಜಿಗೆ ಸೇರಿದ ವರ್ಷ ಕಾಕಾ ಕೆಲಸ ಬಿಟ್ಟು ಹತ್ತರಗಿಯ ಮಗಳ ಮನೆಗೆ ಹೋದರೆಂದು ಕೇಳಿದೆ. ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ಪ್ರತಿ ಸೂಟಿಯಲ್ಲೂ ಅಂದುಕೊಂಡೆ...

ಅಂಟಿನ ವಾಸನೆ ಬಂದ ಆ ವಾರದ ರವಿವಾರವೇ ಹತ್ತರಗಿಗೆ ಹೋದೆ. ಹೈವೇದಿಂದ ಸ್ವಲ್ಪ ಒಳಗೆ ಮನೆ. ಕಾಕಾನ ಹತ್ತಿರ ಕಲಿತವಳು, ಈಗ ಟೀಚರ್ ಎಂದು ಹೇಳಿಕೊಂಡೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಗಳು ಚಹಾ ಕೊಟ್ಟು ಎದುರಿಗೆ ಕುಳಿತು, ಅಪ್ಪನ ವಿಷಯ ತಾನಾಗಿಯೇ ಹೇಳಿದಳು.

"ಡಾಕ್ಟರ್ ಕಣ್ಣ ಚಲೋ ಅದಾವು ಅಂದಿದ್ರಿ. ಆದ್ರೂ ಪೇಪರ್ ಸೈತ ತಾವ ಓದ್ತಿದ್ದಿಲ್ಲ. ನನ್ನ ಮಗಳ ಕಡೆ ಓದಿಸಿ ಕೇಳೋರು. ನನ್ನ ಕಣ್ಣ ಖರೆ ಹೇಳೂದಿಲ್ಲವ್ವಾ ಅಂತಿದ್ರು."

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವರು ಸರಿಯಾಗಿಯೇ ಓದಿದ್ದರು, ತಪ್ಪು ಬರೆದವಳು ನಾನು, ಸುಳ್ಳು ಹೇಳಿದವಳೂ ನಾನೇ ಎಂದೆ.

"ಇದನ್ನ ಅವರಿಗೆ ಹೇಳಬೇಕಾಗಿತ್ರಿ ಟೀಚರ್ರ," ಎಂದಳು ಆಕೆ. "ನನಗ ಹೇಳಿದ್ರ ನಾ ಏನ ಮಾಡ್ಲಿ?"

ಎದ್ದು ನಿಂತು, "ಬರ್ತೇನ್ರಿ," ಎಂದೆ. ನಮ್ಮ ಕಡೆ ಅದಕ್ಕೆ "ಹೂಂ, ಬರ್ರಿ" ಎಂದು ಎಂಥವರಿಗೂ ಹೇಳುತ್ತಾರೆ. ಆಕೆ ಬಾಗಿಲ ತನಕ ಬಂದಳು, ಆದರೆ ಏನೂ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೈವೇ ಕಡೆಗೆ ನಡೆದೆ.