ಚಿಕ್ಕಪ್ಪ ಮೈ ಬೆಳೆಸಲು ಹೊರಟ ವರ್ಷ

ನಮ್ಮ ಬೀದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಸಂಜೆಯಾದರೆ ಹೊಸ ಗೋಡೆಗೆ ನೀರು ಹೊಡೆಯುತ್ತಾರೆ. ಆಗ ಹಸಿ ಸಿಮೆಂಟಿನ ತಣ್ಣನೆಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಬೇರೆಯವರಿಗೆ ಆ ವಾಸನೆ ಏನನ್ನು ನೆನಪಿಸುತ್ತದೋ ತಿಳಿಯದು, ನನ್ನನ್ನಂತೂ ಅದು ಶಿರಾಳಕೊಪ್ಪದ ನಮ್ಮ ಹಳೆಯ ಮನೆಯ ಹಿತ್ತಿಲಿಗೆ ಕರೆದೊಯ್ದು ನಿಲ್ಲಿಸುತ್ತದೆ. ಮುಂದುಗಡೆ ಅಪ್ಪನ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಹಗ್ಗ, ಮೊಳೆ, ಕಬ್ಬಿಣದ ಬಕೆಟ್ಟು, ಗುದ್ದಲಿ, ಸಿಮೆಂಟು. ಸಂತೆಯ ದಿನ ಸುತ್ತಲಿನ ಹಳ್ಳಿಯವರು ಬಂದು ಹಗ್ಗವನ್ನು ಜಗ್ಗಿ ಜಗ್ಗಿ ನೋಡಿ ಕೊಳ್ಳುತ್ತಿದ್ದರು. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು, ಉಳಿದದ್ದನ್ನು ಕೊಂಡವರು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಿದರು. ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಮಾತು. ನಾನಾಗ ಇನ್ನೂ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಹುಡುಗಿ.

ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಮ್ಮ ರುದ್ರೇಶ ಚಿಕ್ಕಪ್ಪ. ಅವ್ವ ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅತ್ತೆ ಇರಲಿಲ್ಲ, ಚಡ್ಡಿ ಜಾರದಂತೆ ಉಡಿದಾರಕ್ಕೆ ಸಿಕ್ಕಿಸಿಕೊಂಡು ಓಡಾಡುವ ಈ ಮೈದುನ ಇದ್ದ. ಅವನ ತಲೆ ಬಾಚಿ, ಮೂಗು ಒರೆಸಿ, ರೊಟ್ಟಿ ಮುರಿದು ಹಾಲಿಗೆ ಹಾಕಿ ಉಣ್ಣಿಸಿ ಬೆಳೆಸಿದವಳು ಅವಳು. ನಾನು ಹುಟ್ಟುವ ಹೊತ್ತಿಗೆ ಅವ್ವನಿಗೆ ಮಗುವನ್ನು ಸಾಕುವ ಕೆಲಸವೆಲ್ಲ ಗೊತ್ತಾಗಿಹೋಗಿತ್ತು ಎಂದು ಅಪ್ಪ ನಗುತ್ತಿದ್ದ. ಚಿಕ್ಕಪ್ಪ ಉದ್ದಕ್ಕೆ ಬೆಳೆದ, ಅಗಲಕ್ಕೆ ಬೆಳೆಯಲಿಲ್ಲ. ಅಂಗಿ ತೊಟ್ಟರೆ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಆದರೆ ಸಿಮೆಂಟಿನ ಚೀಲವನ್ನು ಬೆನ್ನಿಗೇರಿಸಿಕೊಂಡು ಅಂಗಡಿಯ ಮೆಟ್ಟಿಲು ಇಳಿಯುವಾಗ ಒಮ್ಮೆಯೂ ತೂರಾಡಿದ್ದನ್ನು ನಾನು ಕಾಣೆ.

ಅವನಿಗೆ ಹೆಣ್ಣು ನೋಡಲು ಶುರು ಮಾಡಿದ್ದೇ ಎಲ್ಲಕ್ಕೂ ಕಾರಣವಾಯಿತು. ಸೊರಬದ ಕಡೆ ಜಡೆ ಎಂಬ ಊರಿನಲ್ಲಿ ಒಂದು ಮನೆಗೆ ಹೋಗಿ ಬಂದರು. ಅವಲಕ್ಕಿ, ಚಹಾ ಎಲ್ಲ ಆಗಿತ್ತು. ವಾರ ಕಳೆದ ಮೇಲೆ ಸಂಬಂಧ ಹೇಳಿದವನು ಅಂಗಡಿಗೆ ಬಂದು, ತಲೆ ಕೆರೆದುಕೊಳ್ಳುತ್ತ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಡುಗ ಬಾಳ ಸಣ್ಣ ಆದ್ನಂತೆ. ಒಳಗೆ ಏನಾರ ಕಾಯಿಲೆ ಐತೇನೋ ಅಂತ ಕೇಳ್ತಾರೆ" ಅಂದ. ಚಿಕ್ಕಪ್ಪ ಅಲ್ಲೇ ತಕ್ಕಡಿಯ ಹಿಂದೆ ಮೊಳೆ ತೂಗುತ್ತಿದ್ದ. ತೂಗುವುದನ್ನು ನಿಲ್ಲಿಸಲಿಲ್ಲ, ಪೊಟ್ಟಣ ಕಟ್ಟಿ ಗಿರಾಕಿಗೆ ಕೊಟ್ಟ. ಅಂದು ಮಧ್ಯಾಹ್ನ ಮಾತ್ರ ಊಟಕ್ಕೆ ಬರಲಿಲ್ಲ.

ಮಾರನೆಯ ದಿನದಿಂದಲೇ ನಡುಮನೆಯಲ್ಲಿ ಕಸರತ್ತು ಆರಂಭವಾಯಿತು. ಅಕ್ಕಿ ಚೀಲಗಳ ನಡುವೆ ಕೈಯೂರಿ ಏಳುವುದು, ಅಟ್ಟದ ತೊಲೆಗೆ ಜೋತುಬಿದ್ದು ಗಲ್ಲ ಮೇಲಕ್ಕೆ ತರುವುದು. ಅವನು ಜೋತುಬಿದ್ದಾಗಲೆಲ್ಲ ಅಟ್ಟದ ಧೂಳು ಒಲೆಯ ಮೇಲಿನ ಸಾರಿಗೆ ಉದುರುತ್ತಿತ್ತು. ಅವ್ವ ತಟ್ಟೆ ಮುಚ್ಚಿಡುತ್ತಿದ್ದಳು. ಅಪ್ಪ ಮಾತ್ರ, "ಅಂಗಡ್ಯಾಗೆ ದಿನಾ ಇಷ್ಟು ಚೀಲ ಎತ್ತೋದು ಸಾಲ್ದೇನೋ ನಿಂಗೆ" ಅನ್ನುತ್ತಿದ್ದ. ಆ ಮಳೆಗಾಲ ಮುಗಿಯುವುದರೊಳಗೆ ಚಿಕ್ಕಪ್ಪ ಶಿಕಾರಿಪುರದ ಒಂದು ಜಿಮ್ಮಿಗೆ ಸೇರಿದ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಅಂಗಡಿ ತೆರೆಯುವ ಹೊತ್ತಿಗೆ ತಿರುಗಿ ಬರುತ್ತಿದ್ದ. ಜಿಮ್ ಎಂಬ ಮಾತನ್ನೇ ನಾವು ಆಗ ಹೊಸದಾಗಿ ಕೇಳಿದ್ದು.

"ಮನ್ಯಾಗೆ ಮಾಡೋದಕ್ಕೂ ಅಲ್ಲಿ ಮಾಡೋದಕ್ಕೂ ಬಾಳ ಫರಕು ಐತೆ ಅತ್ತಿಗೆ. ಅಲ್ಲಿ ಸುತ್ತಲೂ ಕನ್ನಡಿ" ಎಂದು ಚಿಕ್ಕಪ್ಪ ವರ್ಣಿಸಿದ.

"ನಮ್ಮನ್ಯಾಗೂ ಒಂದು ಐತಲ್ಲಪ್ಪ" ಎಂದಳು ಅವ್ವ, ಜೋಳದ ಹಿಟ್ಟು ನಾದುತ್ತ.

ಹಬ್ಬದ ಹೊತ್ತಿಗೆ ಚಿಕ್ಕಪ್ಪನ ಮುಖ ತುಂಬಿಕೊಂಡಿತು. ಕೆನ್ನೆ ಉಬ್ಬಿ ಹೊಳೆಯತೊಡಗಿತು, ಕುತ್ತಿಗೆ ದಪ್ಪವಾಯಿತು. ಗಿರಾಕಿಗಳೂ ಮೆಚ್ಚಿ ಮಾತಾಡಿದರು. ಅಪ್ಪನಿಗೂ ಸೋಲು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ತಮ್ಮನ ಹಳೆಯ ಅಂಗಿಗಳು ಬಿಗಿಯಾದವೆಂದು ಹೊಸ ಬಟ್ಟೆ ತಂದು ದರ್ಜಿಗೆ ಕೊಟ್ಟ. ಉಣ್ಣುವುದು ಮೊದಲಿನಷ್ಟೇ ಇದ್ದು ಮೈ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ಅವ್ವನ ಕಣ್ಣಲ್ಲಿ ಇತ್ತೆಂದು ನನಗೆ ಈಗ ಅನ್ನಿಸುತ್ತದೆ.

ದೀಪಾವಳಿಯ ಎಣ್ಣೆ ಸ್ನಾನದ ಬೆಳಗು. ಬಚ್ಚಲೊಲೆಯಲ್ಲಿ ಉರಿ ಹತ್ತಿ, ಹಂಡೆಯ ನೀರು ಕುದಿಯುವ ಸದ್ದು. ಪ್ರತಿವರ್ಷದಂತೆ ಅವ್ವ ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ ಬೆಚ್ಚಗಿನ ಎಣ್ಣೆ ಹಚ್ಚುತ್ತಿದ್ದಳು. ಚಿಕ್ಕಪ್ಪನ ತಲೆ, ಬೆನ್ನು ತಿಕ್ಕಿ, ಕಾಲಿಗೆ ಎಣ್ಣೆ ಸವರುವಾಗ ಅವಳ ಕೈ ನಿಂತಿತು. ಮೊಣಕಾಲ ಕೆಳಗೆ ಹೆಬ್ಬೆರಳನ್ನು ಒತ್ತಿ ತೆಗೆದಳು. ಅಲ್ಲಿ ಗುಣಿ ಬಿದ್ದಿತ್ತು. ಹಸಿ ಮಣ್ಣಿನ ಮೇಲೆ ಬಿದ್ದ ಗುರುತಿನಂತೆ ಅದು ಹಾಗೇ ಉಳಿದಿತ್ತು.

"ರುದ್ರೇಶ, ಇದು ಮೈ ಬಂದಿದ್ದಲ್ಲ. ಬಾವು. ಏನು ತಿಂತಿದೀಯ, ಹೇಳು."

ಅವನು ತಲೆ ಎತ್ತಲಿಲ್ಲ. ಎಣ್ಣೆ ಕಿವಿಯ ಪಕ್ಕದಿಂದ ಇಳಿಯುತ್ತಿತ್ತು. "ಒಂದು ಮಾತ್ರೆ ಅತ್ತಿಗೆ. ಅಲ್ಲಿಗೆ ಬರೋ ಒಬ್ಬ ಕೊಡ್ತಾನೆ. ಬೇಗ ಮೈ ಬರ್ತತೆ ಅಂದ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಪ್ಪ ಕೈ ಎತ್ತಿಕೊಂಡು ಬಂದ. ಅವ್ವ ಎದ್ದು ಇಬ್ಬರ ನಡುವೆ ನಿಂತಳು. ಅವಳ ಮೊಣಕೈವರೆಗೂ ಎಣ್ಣೆ. "ಹೊಡ್ಯೋದು ಆಮೇಲೆ ಹೊಡೀರಿ. ಮೊದ್ಲು ದವಾಖಾನಿಗೆ ಕರ್ಕೊಂಡು ಹೋಗ್ರಿ" ಅಂದಳು.

ಶಿಕಾರಿಪುರದ ಡಾಕ್ಟರು ಮಾತ್ರೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರಂತೆ. ಇದು ಸ್ಟೀರಾಯ್ಡ್, ಒಮ್ಮೆಲೇ ಬಿಡಿಸಬಾರದು, ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು, ಕಿಡ್ನಿಗೆ ಏನಾದರೂ ಆಗಿದೆಯೋ ಇಲ್ಲವೋ ಪರೀಕ್ಷೆಯಿಂದಲೇ ತಿಳಿಯಬೇಕು ಎಂದು ಹೇಳಿ ರಕ್ತವನ್ನೂ ಮೂತ್ರವನ್ನೂ ಶಿವಮೊಗ್ಗಕ್ಕೆ ಕಳಿಸಿದರು. ಉತ್ತರ ಬರುವವರೆಗೆ ನಮ್ಮ ಮನೆಯಲ್ಲಿ ಹಬ್ಬವೂ ಇತ್ತು, ಹಬ್ಬ ಇರಲೂ ಇಲ್ಲ. ಅವ್ವ ದೀಪ ಹಚ್ಚಿದಳು, ಹೋಳಿಗೆಯನ್ನೂ ಮಾಡಿದಳು. ಯಾರೂ ಎರಡನೆಯದನ್ನು ಕೇಳಲಿಲ್ಲ. ಚಿಕ್ಕಪ್ಪ ನಡುಮನೆಯ ಗೋಡೆಗೆ ಒರಗಿ ತನ್ನ ಉಬ್ಬಿದ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿರುತ್ತಿದ್ದ. ಬೀದಿಯ ಮಕ್ಕಳು ಪಟಾಕಿ ಹೊಡೆಯಲು ಕರೆದರೂ ನನಗೆ ಹೋಗಲು ಮನಸ್ಸಾಗಲಿಲ್ಲ. ಅವನ ಪಕ್ಕದಲ್ಲೇ ಕೂತು ಮಗ್ಗಿ ಬರೆದೆ. ನಡುವೆ ಒಮ್ಮೆ ಅವನು, "ನಾನು ಮೊದ್ಲಿನಂಗೇ ಇದ್ದಿದ್ರೆ ಚಂದಿತ್ತು ಅಲ್ಲೇನೇ" ಎಂದು ಕೇಳಿದ. ನಾನು ಪಾಟಿಯನ್ನು ಒರೆಸಿದೆ.

ಅಪ್ಪ ಫಲಿತಾಂಶ ತರಲು ಹೋದ ದಿನ ಅವ್ವ ಅಂಗಡಿಯ ಕಟ್ಟೆಯ ಮೇಲೆ ನಿಂತೇ ಇದ್ದಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದರಿಂದ ಇಳಿದ ಅಪ್ಪ ಅಷ್ಟು ದೂರದಿಂದಲೇ ಕೈ ಅಲ್ಲಾಡಿಸಿದ. ಬೇಡ ಎನ್ನುವಂತೆಯೂ ಇತ್ತು, ಏನಿಲ್ಲ ಎನ್ನುವಂತೆಯೂ ಇತ್ತು. ಹತ್ತಿರ ಬಂದ ಮೇಲೆ, "ಕಿಡ್ನಿ ಚಲೋ ಅದಾವಂತೆ. ಬಾವು ಇಳೀತತೆ ಅಂದ್ರು" ಎಂದ. ಅವ್ವ ನಿಂತಲ್ಲೇ ಹಗ್ಗದ ಸಿಂಬಿಯ ಮೇಲೆ ಕೂತಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪನೂ ಚಪ್ಪಲಿ ಬಿಡದೆ ಅವಳ ಪಕ್ಕದಲ್ಲಿ ಕೂತ. ಗಿರಾಕಿಯೊಬ್ಬ ಬಂದು ಬಕೆಟ್ಟಿನ ಬೆಲೆ ಕೇಳಿದಾಗ ಅಪ್ಪ, "ನಾಳೆ ಬರ್ರಿ, ಇವತ್ತು ಕೊಡಂಗಿಲ್ಲ" ಅಂದ. ನನ್ನ ಬಾಲ್ಯದಲ್ಲಿ ಅಪ್ಪ ವ್ಯಾಪಾರ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಒಳಗೆ ಹೋಗಿ, ಹಬ್ಬದ ದಿನ ಹೊಡೆಯಲು ಎತ್ತಿದ್ದ ಕೈಯನ್ನು ತಮ್ಮನ ತಲೆಯ ಮೇಲಿಟ್ಟ, ಅಷ್ಟೇ.

ಬಾವು ಇಳಿದ ಮೇಲೆ ಚಿಕ್ಕಪ್ಪ ಮೊದಲಿಗಿಂತ ಸಣ್ಣಗಾದ. ಹೊಸ ಅಂಗಿಗಳು ಜೋಲಾಡಿದವು. ಮುಂಬಾಗಿಲಿಗೆ ಬರಲೂ ನಾಚುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ, ಡಾಕ್ಟರು ಹಗುರವಾದ ವ್ಯಾಯಾಮ ಮಾಡಬಹುದೆಂದು ಹೇಳಿದ ದಿನ, ಅವ್ವ ಹಿತ್ತಿಲಿನಲ್ಲಿ ಖಾಲಿಯಾದ ವನಸ್ಪತಿ ಡಬ್ಬಗಳನ್ನು ಸಾಲಾಗಿ ಇಟ್ಟು, ಅಂಗಡಿಯಿಂದ ಸಿಮೆಂಟು ತರಿಸಿ ಕಲಸಿದಳು. ಡಬ್ಬಕ್ಕೆ ಅರ್ಧದಷ್ಟು ತುಂಬಿ, ನಡುವೆ ನಲ್ಲಿ ಪೈಪಿನ ತುಂಡು ನಿಲ್ಲಿಸಿದಳು. ಒಂದು ತುದಿ ಗಟ್ಟಿಯಾದ ಮೇಲೆ ತಿರುವಿ ಇನ್ನೊಂದು ತುದಿಗೂ ಹಾಗೇ ಮಾಡಿದಳು, ಕಸರತ್ತಿಗೆ ಎತ್ತುವ ಭಾರ ಸಿದ್ಧವಾಯಿತು. ಅವುಗಳಿಗೆ ದಿನವೂ ನೀರು ಹಾಕುವ ಕೆಲಸ ನನ್ನದು. ತುಳಸಿಗೆ ಹಾಕಿ, ಉಳಿದ ನೀರನ್ನು ಡಬ್ಬಗಳಿಗೆ ಹಾಕುತ್ತಿದ್ದೆ.

"ಇನ್ಮ್ಯಾಲೆ ಏನು ಮಾಡಿದ್ರೂ ನನ್ನ ಕಣ್ಣೆದುರಿಗೆ ಮಾಡು" ಎಂದು ಅವ್ವ ಅವನ್ನು ಅವನ ಮುಂದಿಟ್ಟಳು. ಮೊದಲ ದಿನ ಅವನು ಸಂಕೋಚದಿಂದ ನಿಂತಿದ್ದ. ಅವ್ವ ಸೆರಗು ಸಿಕ್ಕಿಸಿ ಒಂದನ್ನು ತಾನೇ ಎತ್ತಿದಳು, ಬಾವಿಯಿಂದ ಕೊಡ ಸೇದುವವಳಿಗೆ ಅದೇನು ಭಾರ. ಚಿಕ್ಕಪ್ಪ ನಕ್ಕ. ಆ ಚಳಿಗಾಲದಲ್ಲಿ ಅವನು ಮೊದಲ ಸಲ ನಕ್ಕದ್ದು ಆಗಲೇ. ಮುಂದೆ ಅದೇ ನಮ್ಮ ಬೆಳಗಾಯಿತು. ಎಳೆ ಬಿಸಿಲು, ಬಚ್ಚಲೊಲೆಯ ಹೊಗೆ, ಅಪ್ಪ ಬೇವಿನ ಕಡ್ಡಿ ಜಗಿಯುತ್ತ ನಿಂತು "ಬೆನ್ನು ನೆಟ್ಟಗಿರ್ಲಿ" ಎಂದು ಗರಡಿಯ ಉಸ್ತಾದನ ಹಾಗೆ ಹೇಳುವುದು. ಮೈ ಹೆಚ್ಚೇನೂ ಬರಲಿಲ್ಲ. ಮುಖಕ್ಕೆ ಅವನದೇ ಬಣ್ಣ ಮರಳಿತು.

ಮುಂದಿನ ಬೇಸಿಗೆಯಲ್ಲಿ ಗುಡವಿಯ ಕಡೆ ಇನ್ನೊಂದು ಹೆಣ್ಣು ನೋಡಲು ಹೋದಾಗ ನಾನೂ ಹೋಗಿದ್ದೆ. ಚಹಾದ ಬಟ್ಟಲು ಕೈಗೆ ಬರುವ ಮೊದಲೇ ಅವ್ವ ಹೇಳಿಬಿಟ್ಟಳು: "ನೋಡ್ರಿ, ನಮ್ಮ ಹುಡುಗ ಸಣ್ಣ ಅದಾನೆ, ಹಿಂಗೇ ಇರ್ತಾನೆ. ದಪ್ಪ ಆಗಾಕೆ ಮಾತ್ರೆ ತಿಂದು ಬಾವು ಬರಿಸ್ಕೊಂಡಿದ್ದ. ಈಗ ಆರಾಮ ಅದಾನೆ. ಕಾಗದ ನೋಡ್ತೀವಿ ಅಂದ್ರೆ ಡಾಕ್ಟರದು ತಂದೀವಿ." ಅಪ್ಪ ನೆಲ ನೋಡಿದ. ಒಳಬಾಗಿಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ತನ್ನ ತಂದೆಯನ್ನು ನೋಡಿ, "ಅಪ್ಪ, ನೀನೂ ಸಣ್ಣನೇ ಅಲ್ಲೇನು" ಅಂದಳು. ಕಡ್ಡಿಯಂತಿದ್ದ ಆ ಮನುಷ್ಯ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಅವಳೇ ನಮ್ಮ ಗಿರಿಜಾ ಚಿಕ್ಕಮ್ಮ.

ಕೆಲವು ವರ್ಷ ಕಳೆದು ಅಪ್ಪ ತೀರಿಹೋದ. ಅಂಗಡಿ ಹೋದ ಮೇಲೆ ಚಿಕ್ಕಪ್ಪ ಸೊರಬದಲ್ಲಿ ತನ್ನದೇ ಅಂಗಡಿ ಹಾಕಿದ. ಅವ್ವ ಅವನ ಮನೆಯಲ್ಲೇ ಇದ್ದಳು, ಅಲ್ಲೇ, ಹೋದ ವರ್ಷ, ನಿದ್ದೆಯಲ್ಲಿ ಎಂಬಂತೆ ತೀರಿಕೊಂಡಳು. ಕಾರ್ಯಗಳೆಲ್ಲ ಮುಗಿದು ಬಂದವರು ಊರಿಗೆ ತಿರುಗಿದ ಮೇಲೂ ನಾನು ಒಂದು ದಿನ ಉಳಿದೆ. ಬೆಳಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಚಿಕ್ಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಹರವಲು ತಾರಸಿಯ ಮೆಟ್ಟಿಲು ಹತ್ತಿದೆ. ಮೇಲೆ ಚಿಕ್ಕಪ್ಪ ಒಬ್ಬನೇ ಇದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಮೈ ಹಾಗೇ ಸಣ್ಣಗಿದೆ. ಹಿತ್ತಿಲಿನಲ್ಲಿ ಅವ್ವನ ಎದುರು ಆ ಡಬ್ಬಗಳನ್ನು ಎತ್ತುತ್ತಿದ್ದ ಹಾಗೆಯೇ, ಬರಿಗೈಯನ್ನು ನಿಧಾನವಾಗಿ ಮೇಲೆತ್ತುತ್ತಿದ್ದ, ಇಳಿಸುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದ. ನಾನು ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟು ಮೆಟ್ಟಿಲ ಮೇಲೆಯೇ ಕೂತೆ. ಆ ಮನೆಯವರೆಂದು ನನಗೆ ಉಳಿದವನು ಇವನೊಬ್ಬನೇ. ಅವನ ಉಸಿರು ಒಳಗೆ ಹೋಗುವುದೂ ಹೊರಗೆ ಬರುವುದೂ ಕೇಳುತ್ತಿತ್ತು. ಬಿಸಿಲು ಏರುವವರೆಗೆ ನಾನು ಅದನ್ನೇ ಕೇಳುತ್ತ ಕೂತಿದ್ದೆ.