ಒಂದು ಗೇಣು ಬಾಕಿ

ಬೆಳಗಿನ ಆರು ಗಂಟೆ. ಹುಮನಾಬಾದ್ ಬಸ್ ನಿಲ್ದಾಣದ ಹಿಂದಿರುವ ಸೈಬರ್ ಕೆಫೆಯಲ್ಲಿ ಕಸ ಹೊಡೆದು ಮುಗಿಸಿದ ಗುರುಶಾಂತ ಮೂಲೆಯ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಪರದೆಯ ಮೇಲೆ ಒಂದು ನೌಕೆ ಅಂತರಿಕ್ಷ ನಿಲ್ದಾಣದತ್ತ ತೇಲುತ್ತಿದೆ. ಸ್ಪೀಕರಿನಿಂದ ಒಡಕು ದನಿ: ‘ಆನೇ ದೋ, ಆನೇ ದೋ... ಲೆಫ್ಟ್ ಕಾಟ್... ಬಸ್.’

ಆ ದನಿಯ ಒಡೆಯ ಶಂಶುದ್ದೀನ್ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಾರೆ. ಶುಕ್ರವಾರಕ್ಕೊಮ್ಮೆ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಇಲ್ಲಿಯ ತೊಗರಿ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಲಾರಿಗಳನ್ನು ಹಿಂದಕ್ಕೆ ಕರೆದು ಗೋಡೆಗೆ ಹಚ್ಚಿಸಿದವರು. ಹೋದ ವರ್ಷ, 2006ರಲ್ಲಿ, ಗಂಟಲಿನ ಆಪರೇಷನ್ ಆಯಿತು. ಈಗ ಅವರ ದನಿ ಇರುವುದು ಈ ಡಬ್ಬಿಯೊಳಗೆ ಮಾತ್ರ.

ಗುರುಶಾಂತ ಬಿ.ಎಸ್ಸಿ. ಓದಿದವರು. ಎಂಟು ಕಂಪ್ಯೂಟರು, ದಿನಕ್ಕೆ ನಲವತ್ತು ಗಿರಾಕಿ. ಎಲ್ಲರಿಗೂ ರಿಸಲ್ಟ್ ಬೇಕು, ರಾಕೆಟ್ ಯಾರಿಗೂ ಬೇಡ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಈ ಅಂತರಿಕ್ಷ ನೌಕೆಯ ಆಟ ಸಿಕ್ಕಿತು. ನೌಕೆಯನ್ನು ನಿಲ್ದಾಣಕ್ಕೆ ಜೋಡಿಸುವುದೇ ಅದರಲ್ಲಿ ಕಷ್ಟದ ಕೆಲಸ. ‘ಆಟದಾಗಿನ ಮಾಪಕದಾಗ ಬರೇ ಅಂಕಿ ಅದಾವ್ರಿ, ತಲೀಗೆ ಹತ್ತಲಿಲ್ಲ. ಚಾಚಾ ಲಾರಿ ಹಚ್ಚಸೂದು ನೋಡಿದ್ದೆ. ಇದೂ ಅದಾ ಕೆಲಸ ಅಲ್ಲೇನ್ರಿ?’ ಎಂದು ಪೇಪರಿಗೆ ಬರೆಯಲು ಬಂದ ನನ್ನನ್ನು ಕೇಳುತ್ತಾರೆ. ಹದಿನಾಲ್ಕು ತಿಂಗಳು ಕೂತು ಆಟಕ್ಕೆ ಸೇರಿಸುವ ಒಂದು ಪ್ರೋಗ್ರಾಂ ಬರೆದರು. ಚಾಚಾ ಶಂಶುದ್ದೀನರ ಮೂವತ್ತೊಂದು ಕೂಗು ಅದರೊಳಗೆ ತುಂಬಿದರು; ನೌಕೆ ಎಷ್ಟು ಹತ್ತಿರ ಬಂತೆಂದು ಅಂಕಿಯ ಬದಲು ಆ ಕೂಗು ಹೇಳುತ್ತದೆ.

ಒಂದೇ ತೊಡಕು. ಬ್ರೇಕ್ ಒತ್ತಿದ ಮೇಲೂ ಲಾರಿ ಒಂದು ಗೇಣು ಉರುಳುತ್ತದೆ. ಅದಕ್ಕೇ ಶಂಶುದ್ದೀನ್ ಯಾವಾಗಲೂ ಗೇಣು ಮೊದಲೇ ‘ಬಸ್’, ಅಂದರೆ ಸಾಕು, ಅನ್ನುತ್ತಿದ್ದರು. ನೌಕೆ ಉರುಳುವುದಿಲ್ಲ, ಗೇಣು ದೂರದಲ್ಲೇ ನಿಲ್ಲುತ್ತದೆ, ಕೊಂಡಿ ಬೀಳುವುದಿಲ್ಲ.

‘ನಾ ಬಸ್ ಅನ್ನೂದು ಜರಾ ತಡಾ ಮಾಡಿ ಇಟ್ಟಿದ್ದೆ. ಚಾಚಾ ಸಿಟ್ಟಿಗೆದ್ರು. “ತಡಾ ಬಸ್ ಅಂದ್ರ ಹಿಂದ ನಿಂತ ಹಮಾಲ ಸಾಯ್ತಾನಲೇ” ಅಂದ್ರು. ಹಂಗಾರ “ಜರಾ ಔರ್” ಅಂತ ಒಮ್ಮೆ ಅನ್ರಿ ಅಂದೆ. “ಬಸ್ ಅಂದಮ್ಯಾಲ ಜರಾ ಔರ್ ಅನ್ನಾವ ಕಚ್ಚಾ ಆದ್ಮಿ” ಅಂದ್ರು.’

ಕಾಡಿ ಬೇಡಿದ ಮೇಲೆ, ‘ಇನ್ನೂ ಸ್ವಲ್ಪ’ ಎನ್ನುವ ಆ ಒಂದು ಕೂಗಿಗೆ ಒಪ್ಪಿದರು, ರಂಜಾನ್ ಮುಗಿಯಲಿ ಎಂದರು. ರಂಜಾನ್ ಮುಗಿಯುವ ಮೊದಲೇ ಆಸ್ಪತ್ರೆ ಸೇರಿದರು.

ಕೊನೆಗೆ ಗುರುಶಾಂತ ತಾವೇ ಚಾಚಾನ ದನಿ ಅನುಕರಿಸಿ ‘ಜರಾ ಔರ್’ ಎಂದು ತುಂಬಿದರು. ಕೆಫೆಗೆ ಬರುವವರೆಲ್ಲ ಥೇಟ್ ಅವರದೇ ಎಂದರು. ಶಂಶುದ್ದೀನ್ ಒಮ್ಮೆ ಕೇಳಿದರು. ಎದ್ದು ಬಂದು, ಗುರುಶಾಂತರ ಬಾಯಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು. ಅದೇ ದಿನ ಅಳಿಸಿದ್ದಾಯಿತು.

ಇವತ್ತೂ ನೌಕೆ ಗೇಣು ದೂರ ನಿಂತಿದೆ. ಸ್ಪೀಕರು ಸುಮ್ಮನಾಗಿದೆ. ಗುರುಶಾಂತ ಒಂದು ಗುಂಡಿಯನ್ನು ಮೂರು ಸಲ ಮುಟ್ಟುತ್ತಾರೆ, ಕೊಂಡಿ ಬೀಳುತ್ತದೆ.

‘ಈ ಗೇಣು ನಾ ದಾಟಸ್ತೀನ್ರಿ,’ ಎನ್ನುತ್ತಾರೆ. ‘ಇಲ್ಲೀತನಾ ತಂದವರು ಅವರು. ಪೇಪರಿನ್ಯಾಗ ಹೆಸರು ಹಾಕೂದಿದ್ರ ಮೊದಲ ಅವರದು ಹಾಕ್ರಿ.’